ಉಡಿ ತುಂಬಿ ಕಳಿಸಿದ ಕೆಲಸಗಾರ್ತಿ

ಕಾರ್ಮಿಕ ಕಚೇರಿಯ ನೋಟೀಸು ಬಂದಾಗ ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಪೋಸ್ಟಿನವರು ಸಹಿ ಕೇಳಿದರು. ಒಂದು ಬೆರಳನ್ನು ಸೀರೆಗೆ ಒರೆಸಿಕೊಂಡು ಅವರ ಫೋನಿನ ಗಾಜಿನ ಮೇಲೆ ಗೀಚಿ, ಲಕೋಟೆಯನ್ನು ಹಲ್ಲಿನಿಂದ ಹರಿದೆ. ನಮ್ಮಲ್ಲಿ ಆರು ವರ್ಷ ರೊಟ್ಟಿ ಬಡಿದ ಹೆಣ್ಣುಮಗಳೊಬ್ಬಳು ದೂರು ಕೊಟ್ಟಿದ್ದಳು. ಬಾಣಂತನಕ್ಕೆ ಹೋಗಿದ್ದಾಗ ತನ್ನನ್ನು ಕೆಲಸದಿಂದ ತೆಗೆದಿದ್ದಾರೆ, ತನ್ನ ಕೆಲಸ ತನಗೆ ಕೊಡಿಸಬೇಕು ಎಂದು. ಹದಿನೈದು ದಿನದ ಮೇಲೆ ಇಬ್ಬರೂ ಗೋಕಾಕದ ಕಚೇರಿಗೆ ಬರಬೇಕು, ಅಲ್ಲಿ ಹೊಂದಾಣಿಕೆ ಆಗದಿದ್ದರೆ ಪ್ರಕರಣ ಮುಂದೆ ಹೋಗುತ್ತದೆ ಎಂದು ಕೆಳಗೆ ಬರೆದಿತ್ತು.

ನನಗೆ ಮೊದಲು ಬಂದದ್ದು ನಗು. ನಾನು ಯಾರನ್ನೂ ತೆಗೆದಿರಲಿಲ್ಲ. ಅವಳಿಗೆ ಉಡಿ ತುಂಬಿ ಕಳಿಸಿದ್ದೆ.

ನಗು ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಎರಡನೆಯ ಸಲ ಓದುವಾಗ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು, ಶೆಡ್ಡಿನಲ್ಲಿದ್ದ ಹದಿಮೂರು ಹೆಣ್ಣುಮಕ್ಕಳೂ ನನ್ನ ಮುಖ ನೋಡದಂತೆ ನೋಡುತ್ತಿದ್ದರು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಮೂಡಲಗಿಯಲ್ಲಿ ಒಂದು ಒಲೆ, ಒಂದು ಹಂಚು ಇಟ್ಟುಕೊಂಡು ಕಡಕ್ ರೊಟ್ಟಿ ಮಾಡಿ ಮಾರತೊಡಗಿದವಳು ನಾನು. ಈಗ ಪತ್ರಾಸ್ ತಗಡಿನ ಶೆಡ್ಡು, ಏಳು ಒಲೆ, ಒಂದು ಸಣ್ಣ ಟೆಂಪೋ. ಗೋಕಾಕ, ಹುಕ್ಕೇರಿಯ ಖಾನಾವಳಿಗಳಿಗೆ, ಹತ್ತರಗಿಯ ಹೆದ್ದಾರಿ ಹೋಟೆಲಿಗೆ ನಮ್ಮ ಪಾಕೀಟು ಹೋಗುತ್ತವೆ. ಜೋಳದ ವ್ಯಾಪಾರಿಗಳ ಹತ್ತಿರ ಚೌಕಾಶಿ ಮಾಡಿ ಮಾಡಿ ನನ್ನ ನಾಲಿಗೆ ಹರಿತವಾಗಿದೆ. ಯಾರ ಮುಂದೆಯೂ ಮಾತಿಗೆ ಸೋತವಳಲ್ಲ ಎಂಬ ಹಮ್ಮು ನನಗಿತ್ತು. ನಿಮ್ಮ ಕೈಕೆಳಗೂ ನಾಲ್ಕು ಜನ ದುಡಿಯುತ್ತಿದ್ದರೆ ಇದನ್ನು ಓದಿ. ವಕೀಲರ ಫೀಸಾದರೂ ಉಳಿದೀತು.

ದೂರು ಕೊಟ್ಟವಳ ಕೈ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಕುರಿ ಸಾಕುವ ಮನೆತನದವಳು, ತವರು ಯಮಕನಮರಡಿ, ಕೊಟ್ಟದ್ದು ಮೂಡಲಗಿಗೆ. ಕಡಪಾ ಕಲ್ಲಿನ ಮೇಲೆ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ಉಳಿದವರು ತಮ್ಮ ಕೈಯ ವೇಗ ಹೊಂದಿಸಿಕೊಳ್ಳುತ್ತಿದ್ದರು. ಬಸುರಾದಳು. ಏಳು ತುಂಬುವ ಹೊತ್ತಿಗೆ ಒಲೆಯ ಮುಂದೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಒಂದು ದಿನ ಝಳಕ್ಕೆ ತಲೆ ಸುತ್ತಿ ಗೋಡೆ ಹಿಡಿದು ನಿಂತಳು.

ಆ ದಿನವೇ ನಾನು ಲೆಕ್ಕ ಹಾಕಿದೆ. ಇವಳು ಹೆರಬೇಕು, ಬಾಣಂತನ ಮುಗಿಸಬೇಕು, ಬಂದ ಮೇಲೂ ಕೂಸಿಗೆ ಹಾಲು, ಕೂಸಿಗೆ ಜ್ವರ ಎಂದು ವಾರಕ್ಕೆ ಎರಡು ದಿನ ರಜೆ. ಇವಳ ಜಾಗಕ್ಕೆ ಬೇರೆಯವಳನ್ನು ಕೂಡಿಸಿದರೆ ಚಿಂತೆ ಇಲ್ಲ. ಲೆಕ್ಕ ಸರಿ ಇತ್ತು. ಆದರೆ ಆರು ವರ್ಷ ಒಂದೇ ತಾಟಿನಲ್ಲಿ ಉಂಡವಳಿಗೆ ‘ನಾಳೆಯಿಂದ ಬರಬೇಡ’ ಎನ್ನಲು ಬಾಯಿ ಬರಲಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ. ಹಸಿರು ಸೀರೆ ತಂದೆ, ಕುಬುಸದ ಕಣ ತಂದೆ, ಹಸಿರು ಬಳೆ ಇಡಿಸಿದೆ. ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು ಹಾಕಿ ಉಡಿ ತುಂಬಿದೆ. ಎಲ್ಲರೂ ಸೇರಿ ಆರತಿ ಮಾಡಿದರು.

"ಇನ್ನ ಮನ್ಯಾಗ ಆರಾಮಾಗಿ ಇರವಾ. ಕೆಲಸದ ಚಿಂತಿ ಮಾಡಬ್ಯಾಡ" ಎಂದೆ.

ಅವಳು ನನ್ನ ಕಾಲು ಮುಟ್ಟಿದಳು. ಕಣ್ಣಲ್ಲಿ ನೀರಿತ್ತು. ತವರಿನವರು ಮಾಡುವುದನ್ನು ನಾನು ಮಾಡಿದೆ ಎಂದು ಅವಳಿಗೆ. ಚೆಂದಾಗಿ ಕೈತೊಳೆದುಕೊಂಡೆ ಎಂದು ನನಗೆ. ಇಬ್ಬರೂ ಖುಷಿಯಾಗಿಯೇ ಮನೆಗೆ ಹೋದೆವು. ಮಾರನೆಯ ದಿನ ಅವಳ ಒಲೆಗೆ ಹೊಸಬಳನ್ನು ಕೂಡಿಸಿದೆ.

ಆರು ತಿಂಗಳ ಮೇಲೆ ಅವಳು ಬಂದಳು. ಹೆಗಲ ಮೇಲೆ ನಾಲ್ಕು ತಿಂಗಳ ಕೂಸು, ಕೈಯಲ್ಲಿ ಕೂಸಿನ ಪೇಢೆ. ಎಲ್ಲರಿಗೂ ಪೇಢೆ ಹಂಚಿದಳು. ಹಂಚುತ್ತ ಹಂಚುತ್ತ ತನ್ನ ಒಲೆಯ ಹತ್ತಿರ ಬಂದು ನಿಂತಳು. ಅಲ್ಲಿ ಕುಳಿತವಳಿಗೂ ಒಂದು ಪೇಢೆ ಕೊಟ್ಟಳು.

"ಅಕ್ಕಾರ, ಸೋಮವಾರದಿಂದ ಬರ್ತೀನ್ರಿ. ಕೂಸಿನ್ನ ನಮ್ಮತ್ತಿ ನೋಡಕೋತಾರ."

"ಸದ್ಯಕ್ಕ ಜಾಗಾ ಇಲ್ಲವಾ ತಂಗಿ" ಎಂದೆ. "ಮುಂದ ಖಾಲಿ ಆದ್ರ ಹೇಳಿ ಕಳಸ್ತೀನಿ."

"ನಂದು ಒಲಿ ಐತೆಲ್ರಿ?"

"ಒಲಿ ಮ್ಯಾಲ ನಿನ್ನ ಹೆಸರ ಬರದೈತೇನ?"

ತಮಾಷೆಯಾಗಿ ಅಂದೆ. ಯಾರೂ ನಗಲಿಲ್ಲ. ಅವಳು ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಖಾಲಿ ಪೇಢೆಯ ಡಬ್ಬಿ ಅಲ್ಲೇ ಉಳಿಯಿತು. ಜಗಳ ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇದೂ ಒಂದು ಅನುಭವದ ಮಾತೇ: ಒದರಾಡಿ ಹೋದವರು ಎರಡು ದಿನಕ್ಕೆ ತಿರುಗಿ ಬರುತ್ತಾರೆ, ಸುಮ್ಮನೆ ಹೋದವರ ನೋಟೀಸು ಬರುತ್ತದೆ.

ನೋಟೀಸು ಹಿಡಿದು ಗೋಕಾಕಕ್ಕೆ ಓಡಿದೆ. ನಮ್ಮ ಲೈಸೆನ್ಸು, ತೆರಿಗೆ ಕಾಗದಪತ್ರಗಳನ್ನೆಲ್ಲ ನೋಡಿಕೊಳ್ಳುವ ಏಜೆಂಟರೊಬ್ಬರು ಅಲ್ಲಿದ್ದಾರೆ. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಜರಿ ಪುಸ್ತಕ ಐತೇನ್ರಿ ಅಕ್ಕಾರ?"

"ನನ್ನ ತಲ್ಯಾಗ ಐತ್ರಿ."

"ರಜಾ ಅರ್ಜಿ?"

"ಮನಿಯವರಂಗ ಇರೂ ಮಂದಿ ಹತ್ರ ಅರ್ಜಿ ಹ್ಯಾಂಗ ಕೇಳೂದ್ರಿ? ಬ್ಯಾಸರ ಮಾಡಕೊಂತಾರ."

"ಈಗ ನೋಡ್ರಿ, ಯಾರ ಬ್ಯಾಸರ ಮಾಡಕೊಂಡ್ರು" ಎಂದು ನಕ್ಕರು. ಆಮೇಲೆ ಕಾನೂನು ಹೇಳಿದರು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬಾಣಂತಿ ರಜೆ ಪಗಾರದ ಸಮೇತ ಕೊಡಬೇಕು. ಆ ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯುವಂತಿಲ್ಲ, ತೆಗೆದರೆ ಅದೇ ಒಂದು ಅಪರಾಧ.

"ದಾರಿ ಐತ್ರಿ" ಎಂದರು ಅವರು. "ನೀವು ತಗದಿಲ್ಲ, ಆಕಿನ ಬಿಟ್ಟಾಳ ಅಂತ ಬರದ್ರ ಆತು. ಸ್ವಂತ ಇಚ್ಛಾದಿಂದ ಕೆಲಸ ಬಿಟ್ಟಾಳ, ನಾವು ಸೀರಿ ಉಡಿಸಿ ಬೀಳ್ಕೊಟ್ಟೇವಿ. ಆರತಿ ಮಾಡಿದವರಾಗ ಇಬ್ಬರ ಸಹಿ ತಗೊಂಡ ಬರ್ರಿ. ಸಾಕ್ಷಿ ಗಟ್ಟಿ."

ಕೇಳಲು ಎಷ್ಟು ಚೆಂದ ಇತ್ತು! ಸೀರೆ ಖರೆ, ಆರತಿ ಖರೆ, ಫೋಟೋ ಸಹ ಇದ್ದವು. ನಡುವೆ ಒಂದೇ ಒಂದು ಸುಳ್ಳು. ಅವರು ಟೈಪ್ ಮಾಡಿಸಿಕೊಟ್ಟ ಹಾಳೆಯನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಮೂಡಲಗಿಯ ಬಸ್ಸು ಹತ್ತಿದೆ. ನಾನು ಗೆದ್ದರೆ ದೂರು ಕೊಟ್ಟವಳ ಕೆಲಸ ಶಾಶ್ವತವಾಗಿ ಕೈತಪ್ಪುತ್ತದೆ. ಅವಳು ಗೆದ್ದರೆ ಅಧಿಕಾರಿಗಳು ಶೆಡ್ಡಿನೊಳಗೆ ಬಂದು ಇಲ್ಲದ ಪುಸ್ತಕಗಳನ್ನೆಲ್ಲ ಕೇಳುತ್ತಾರೆ. ಬಸ್ಸು ಇಳಿಯುವ ತನಕ ಇದನ್ನೇ ತಿರುವಿ ಮುರುವಿ ಹಾಕುತ್ತಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರ್ತಿಯನ್ನು ದೊಡ್ಡಕ್ಕ ಎನ್ನುತ್ತೇವೆ. ನನ್ನ ಜೊತೆ ಎರಡನೆಯ ಒಲೆ ಹಚ್ಚಿದವಳು. ಮರುದಿನ ಮುಂಜಾನೆ ಹಾಳೆಯನ್ನು ಅವಳ ಮುಂದೆ ಹಿಡಿದೆ.

"ಏನೈತ್ರಿ ಇದರಾಗ?"

"ಆಕಿ ತಾನ ಬಿಟ್ಟ ಹೋದ್ಲು ಅಂತ. ನಿನ್ನ ಮುಂದನ ಉಡಿ ತುಂಬಿಲ್ಲೇನ? ಒಂದ ಸಹಿ ಹಾಕು."

ದೊಡ್ಡಕ್ಕ ಬಡಿಯುವುದನ್ನು ನಿಲ್ಲಿಸಿದಳು. ಪಕ್ಕದವಳು ನಿಲ್ಲಿಸಿದಳು. ಒಂದೊಂದೇ ಕಲ್ಲಿನ ಸಪ್ಪಳ ನಿಂತು, ಏಳು ಒಲೆಯ ಬೆಂಕಿ ಉರಿಯುವುದಷ್ಟೇ ಕೇಳಿಸಿತು.

"ಹಾಕ್ತೀನ್ರಿ ಅಕ್ಕಾರ. ನಿಮ್ಮ ಅನ್ನಾ ಉಂಡೇನಿ, ಒಲ್ಲೆ ಅನ್ನಂಗಿಲ್ಲ. ಒಂದ ಮಾತು ಹೇಳ್ರಿ. ನನ್ನ ಮೊಣಕಾಲ ನೋಯಾಕತ್ತಾವ. ನಾಕ ದಿನಾ ರಜಾ ಕೇಳಿದ್ರ, ನನಗೂ ಉಡಿ ತುಂಬತೀರೇನ್ರಿ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. "ಮಸ್ಕಿರಿ ಮಾಡೂ ಹೊತ್ತಲ್ಲ ಇದು!" ಎಂದು ಗದರಿದೆ.

"ಮಸ್ಕಿರಿ ಅಲ್ರಿ" ಎಂದಳು ದೊಡ್ಡಕ್ಕ. ಎದ್ದು ನಾಲ್ಕನೆಯ ಒಲೆಯ ಹತ್ತಿರ ಹೋದಳು. ಅಲ್ಲಿ ಕುಳಿತವಳು ಹಿಂದಿನ ವರ್ಷ ಮದುವೆಯಾಗಿ ಬಂದ ಸೊಸೆ, ಮಾತು ಕಡಿಮೆ. ದೊಡ್ಡಕ್ಕ ಅವಳ ಸೆರಗನ್ನು ಬದಿಗೆ ಸರಿಸಿದಳು. ಒಳಗೆ ಹಳೆಯ ಧೋತರದ ಪಟ್ಟಿಯಿಂದ ಹೊಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಐದು ತುಂಬಿ ಆರರಾಗ ಐತಿ. ನಿಮಗ ಕಾಣಬಾರದು ಅಂತ ಕಟಗೊಂಡಾಳ. ಈ ಝಳದಾಗ ಹಂಗ ಕುಂದ್ರತಾಳ. ಬಿಚ್ಚ ಅಂದ್ರ ಬಿಚ್ಚವಲ್ಲಳು."

"ಯಾಕವಾ? ನನಗ ಯಾಕ ಹೇಳಲಿಲ್ಲ?" ಎಂದೆ.

ಆ ಹುಡುಗಿ ಹಿಟ್ಟಿನ ಉಂಡೆಯನ್ನೇ ನೋಡುತ್ತಿದ್ದಳು. "ನೀವು ಸೀರಿ ತರ್ತೀರಂತ ಅಂಜಿಕಿ ಆತ್ರಿ" ಎಂದಳು.

ಎಷ್ಟೋ ಜನ ಎಷ್ಟೋ ಮಾತು ಅಂದಿದ್ದಾರೆ ನನಗೆ. ಗಂಡಸರ ಸಂತೆಯಲ್ಲಿ ನಿಂತು ಜೋಳ ಕೊಂಡವಳು, ಎಲ್ಲವನ್ನೂ ತಿರುಗಿಸಿ ಕೊಟ್ಟಿದ್ದೇನೆ. ಈ ಮಾತನ್ನು ಮಾತ್ರ ಇಟ್ಟುಕೊಂಡೆ. ಪಟ್ಟಿ ಬಿಚ್ಚಿಸಿ, ಅವಳನ್ನು ಬಾಗಿಲ ಗಾಳಿಗೆ ಪಾಕೀಟು ಕಟ್ಟುವ ಕೆಲಸಕ್ಕೆ ಕೂಡಿಸಿದೆ. ಹಾಳೆಯನ್ನು ಮತ್ತೆ ಪರ್ಸಿಗೆ ಸೇರಿಸಿದೆ. ಹರಿಯಲಿಲ್ಲ, ಖರೆ ಹೇಳಬೇಕು. ಇನ್ನೂ ಒಂದು ಚೌಕಾಶಿ ಉಳಿದಿದೆ ಎಂದು ನನ್ನ ಬುದ್ಧಿ ಹೇಳುತ್ತಿತ್ತು.

ಇಲ್ಲಿ ಒಂದು ಮಾತು. ಒಬ್ಬ ಕೆಲಸಗಾರರ ವಿರುದ್ಧ ಇನ್ನೊಬ್ಬರಿಂದ ಸಹಿ ಹಾಕಿಸಲು ಎಂದೂ ಹೋಗಬೇಡಿ. ಅವರು ಹಾಕಿದರೂ ನಿಮ್ಮನ್ನು ನಂಬುವುದನ್ನು ಬಿಡುತ್ತಾರೆ, ಹಾಕದಿದ್ದರೂ ಬಿಡುತ್ತಾರೆ. ಆ ಮೇಲೆ ಶೆಡ್ಡಿನಲ್ಲಿ ಏನು ನಡೆದಿದೆ ಎಂಬುದು ನಿಮಗೆ ಕೊನೆಗೇ ಗೊತ್ತಾಗುತ್ತದೆ.

ಹತ್ತರಗಿಗೆ ಪಾಕೀಟು ಹೋಗುವ ದಿನ ನಾನೂ ಟೆಂಪೋ ಹತ್ತಿದೆ. ಹೋಟೆಲಿನಲ್ಲಿ ಮಾಲು ಇಳಿಸಿ ಯಮಕನಮರಡಿಗೆ ಗಾಡಿ ತಿರುಗಿಸಿದೆವು. ಕೆಲಸ ಹೋದ ಮೇಲೆ ದೂರು ಕೊಟ್ಟವಳು ಕೂಸು ಕಟ್ಟಿಕೊಂಡು ಅಲ್ಲಿ ತವರಿನಲ್ಲೇ ಇದ್ದಳು. ಅಂಗಳದಲ್ಲಿ ಕುರಿಮರಿ ಕಟ್ಟಿದ್ದರು. ಅವಳ ತಾಯಿ ಹಾಸಲು ಕಂಬಳಿ ಕೊಟ್ಟಳು, ನೀರು ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ.

ಬಟ್ಟೆಯ ಗಂಟಿನಲ್ಲಿ ಕಟ್ಟಿದ್ದ ಹಣ್ಣು, ಕೂಸಿನ ಅಂಗಿ ಮುಂದಿಟ್ಟೆ. ಲಕೋಟೆಯನ್ನೂ ಇಟ್ಟೆ.

"ತಂಗಿ, ಕಚೇರಿ ಕೋರ್ಟು ಅಂದ್ರ ನಿನಗೂ ತ್ರಾಸ, ನನಗೂ ತ್ರಾಸ. ಇದನ್ನ ಇಟಗೋ. ದೂರು ತಿರುಗಿ ತಗೋ. ಕಡಿಮಿ ಅನಸಿದ್ರ ಬಾಯಿಬಿಟ್ಟ ಹೇಳು."

ಅವಳು ಲಕೋಟೆ ಮುಟ್ಟಲಿಲ್ಲ. ತಾಯಿಯೇ ಬಾಯಿಬಿಟ್ಟಳು: "ಈ ಸಲ ಕೊಬ್ಬರಿ ಬಟ್ಟಲಾ ತರಲಿಲ್ಲೇನ್ರಿ ಅಕ್ಕಾರ? ಮತ್ತೊಮ್ಮಿ ಉಡಿ ತುಂಬಿ ಕಳಸಾಕ ಬಂದೀರಿ, ತಯಾರಿ ಕಡಿಮಿ ಆತಲ್ರಿ."

"ಯವ್ವಾ, ಸುಮ್ಮನಿರು" ಎಂದಳು ಮಗಳು. ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಅಕ್ಕಾರ, ಅವತ್ತ ನೀವು ಬಾಯಿಬಿಟ್ಟು ‘ಇನ್ನ ಬರಬ್ಯಾಡ’ ಅಂದಿದ್ರ ನಾ ಅಳತಿದ್ನಿ, ಬೈತಿದ್ನಿ, ಹುಕ್ಕೇರ್ಯಾಗೋ ಗೋಕಾಕದಾಗೋ ಬ್ಯಾರೆ ಕಡಿ ಕೇಳತಿದ್ನಿ. ನೀವು ನನ್ನ ಮಣಿ ಮ್ಯಾಲ ಕುಂದ್ರಿಸಿದ್ರಿ. ಆರು ತಿಂಗಳ ಅತ್ತಿ ಮನ್ಯಾಗ, ತವರ ಮನ್ಯಾಗ ‘ನನ್ನ ಕೆಲಸ ನನಗ ಐತಿ, ನಮ್ಮ ಅಕ್ಕಾರು ಹಂತಾವರಲ್ಲ’ ಅಂತ ಹೇಳಕೋಂತ ಕುಂತೆ. ಈಗ ಎಲ್ಲಾರೂ ನನ್ನ ನೋಡಿ ನಗ್ತಾರ. ರೊಕ್ಕಾ ಒಯ್ದು ಅವರ ಬಾಯಿಗೆ ಹಾಕ್ಲೇನು?"

"ಹಂಗಾದ್ರ ಏನ ಬೇಕು ನಿನಗ?"

"ನನ್ನ ಒಲಿ ಬೇಕ್ರಿ."

"ಅಲ್ಲಿ ಈಗ ಬ್ಯಾರೆಯಾಕಿ ಅದಾಳ. ಆಕಿನ್ನ ಹೊರಗ ಹಾಕ್ಲೇನ?"

"ಆಕಿನ್ನ ಕೂಡಿಸಿದವರು ನೀವು. ನನ್ನ ಕೇಳಬ್ಯಾಡ್ರಿ."

ನನ್ನ ಜೀವಮಾನದ ಚೌಕಾಶಿಯಲ್ಲಿ ನಾನು ಕಲಿತದ್ದು, ಎದುರಿನವರು ರೇಟು ಹೇಳುವ ತನಕ ಮಾತು ನಡೆಯುತ್ತದೆ ಎಂದು. ಅವಳು ರೇಟನ್ನೇ ಹೇಳಲಿಲ್ಲ. ಲಕೋಟೆ ತೆಗೆದುಕೊಂಡು ಎದ್ದೆ. ಕೂಸಿನ ಅಂಗಿಯನ್ನಾದರೂ ಇಟ್ಟುಕೊ ಎಂದೆ. "ಕಚೇರ್ಯಾಗ ಮುಗದ ಮ್ಯಾಲ ಕೊಡ್ರಿ" ಎಂದಳು.

ಗೋಕಾಕದ ಕಚೇರಿಯಲ್ಲಿ ಉದ್ದನೆಯ ಬೆಂಚು ಒಂದೇ. ಒಂದು ತುದಿಗೆ ನಾನು ಮತ್ತು ಏಜೆಂಟರು, ಇನ್ನೊಂದು ತುದಿಗೆ ಅವಳು, ಅವಳ ತಾಯಿ, ಕೂಸು. ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ನಡುವಿನ ಖಾಲಿ ಜಾಗದ ಮೇಲೆ ಬಿದ್ದಿತ್ತು. ಕೂಸು ನನ್ನನ್ನೇ ನೋಡುತ್ತಿತ್ತು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ.

"ಸಹಿ ಇಲ್ಲದಿದ್ರೂ ನಡೀತೈತಿ" ಎಂದು ಏಜೆಂಟರು ಪಿಸುಗುಟ್ಟಿದರು. "ಸಾಹೇಬ್ರು ಕೇಳಿದ್ರ ‘ತಾನ ಬಿಟ್ಲು’ ಅನ್ರಿ ಸಾಕು. ಎರಡ ಶಬ್ದ. ಉಳಿದದ್ದ ನಾ ನೋಡಕೋತೀನಿ. ಆಕಿ ಹತ್ರ ಒಂದ ಚೀಟಿನೂ ಇಲ್ಲ."

ಅದು ಖರೆ. ಅವಳ ಹತ್ತಿರ ಏನೂ ಇರಲಿಲ್ಲ. ಬರೆದುಕೊಡದವಳು ನಾನೇ. ಕಾಗದ ಇಲ್ಲದಿರುವುದು ನನಗೆ ಅನುಕೂಲವಾಗಿ ನಿಂತ ಕ್ಷಣ ಅದೊಂದೇ.

ಒಳಗೆ ಕರೆದರು. ಅಧಿಕಾರಿ ಕಡತ ತೆರೆದು, ಪೆನ್ನಿನ ಮುಚ್ಚಳ ತೆಗೆದು, ನೇರವಾಗಿ ನನ್ನನ್ನೇ ಕೇಳಿದರು.

"ನೀವು ತಗದೀರೋ, ಅವರು ಬಿಟ್ಟಾರೋ?"

ಏಜೆಂಟರ ಪಾದ ನನ್ನ ಪಾದವನ್ನು ಮೆಲ್ಲಗೆ ಒತ್ತಿತು. ಬಾಯಿ ತೆರೆದೆ. ಮಾತು ನಾಲಿಗೆಯ ತುದಿಗೇ ಇತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಧಿಕಾರಿಯ ಪೆನ್ನನ್ನು ನೋಡುತ್ತಿದ್ದಳು. ನಾನು ಏನು ಹೇಳುತ್ತೇನೋ ಅದು ಅಲ್ಲಿಂದಲೇ ಇಳಿಯಬೇಕಲ್ಲ. ನನಗೆ ಕಣ್ಣ ಮುಂದೆ ಬಂದದ್ದು ಮಾತ್ರ ನಾಲ್ಕನೆಯ ಒಲೆಯ ಆ ಧೋತರದ ಪಟ್ಟಿ. ಇಲ್ಲಿ ‘ತಾನೇ ಬಿಟ್ಟಳು’ ಎಂದು ಗೆದ್ದು ಹೋದರೆ ಇನ್ನು ಎಷ್ಟು ಜನ ಹೊಟ್ಟೆ ಕಟ್ಟಿಕೊಂಡು ನನ್ನ ಬೆಂಕಿಯ ಮುಂದೆ ಕುಳಿತುಕೊಳ್ಳುತ್ತಾರೆ? ಅವರಲ್ಲಿ ಒಬ್ಬಳಿಗೆ ಏನಾದರೂ ಆದರೆ ಯಾವ ಏಜೆಂಟರು ಬರುತ್ತಾರೆ?

"ನಾನ ತಗದೇನ್ರಿ" ಎಂದೆ.

ಪಾದದ ಮೇಲಿನ ಭಾರ ಥಟ್ಟನೆ ಹೋಯಿತು. ಅಧಿಕಾರಿ ತಲೆ ಎತ್ತಿದರು. "ಯಾವ ದಿನ ಹೇಳಿದ್ರಿ ಅವರಿಗೆ?"

"ಹೇಳಲಿಲ್ರಿ. ಹೇಳಾಕ ಬಾಯಿ ಬರಲಿಲ್ಲ. ಸೀರಿ ಉಡಿಸಿ, ಉಡಿ ತುಂಬಿ ಕಳಿಸಿದೆ. ಆಕಿ ರಜಾ ಅಂತ ತಿಳಕೊಂಡ್ಲು. ತಿಳಕೊಳ್ಳಲಿ ಅಂತ ನಾನೂ ಬಿಟ್ಟೆ."

ಏಜೆಂಟರು ಕೆಮ್ಮಿದರು. ಅಧಿಕಾರಿಗೆ ಸಿಟ್ಟು ಬಂದಿತ್ತು, ಒಪ್ಪಿಕೊಂಡವಳನ್ನು ಬೈಯುವುದೂ ಹೇಗೆ ಎಂದು ತಡವರಿಸಿದಂತೆ ಕಂಡಿತು. ಏನೇನು ಆಗಬಹುದು ಎಂದು ಬಿಡಿಸಿ ಹೇಳಿದರು. ಕೊನೆಗೆ, "ಹೊಂದಾಣಿಕೆಗೆ ತಯಾರ ಇದ್ದೀರೇನು?" ಎಂದರು.

ಅಲ್ಲಿಂದ ಮುಂದೆ ನನಗೆ ಗೊತ್ತಿದ್ದ ವಿದ್ಯೆ. ರಜೆಯ ದಿನಗಳ ಪಗಾರ ಪೂರಾ ಕೊಡುತ್ತೇನೆ, ಎರಡು ಕಂತಿನಲ್ಲಿ ಎಂದೆ. ಅವಳು ಒಂದೇ ಕಂತು ಎಂದಳು. ಹೊಸಬಳನ್ನು ತೆಗೆಯುವುದಿಲ್ಲ, ಎಂಟನೆಯ ಒಲೆ ಹಾಕಿಸುತ್ತೇನೆ, ಆದರೆ ಹಳೆಯ ಜಾಗವೇ ಬೇಕೆಂದು ಹಟ ಮಾಡಬಾರದು ಎಂದೆ. ಅವಳು ಯೋಚಿಸಿ, ಹೊಸ ಒಲೆ ಕಿಟಕಿಯ ಬಾಜೂ ಇರಬೇಕು, ಕೂಸಿಗೆ ಹಾಲು ಕುಡಿಸಲು ದಿನಕ್ಕೆ ಎರಡು ಸಲ ಬಿಡಬೇಕು ಎಂದಳು. ನಾನು ಒಂದು ಕಂತಿಗೆ ಬಂದೆ, ಅವಳು ಹಳೆಯ ಜಾಗ ಬಿಟ್ಟು ಕಿಟಕಿಗೆ ಒಪ್ಪಿದಳು. ಹಾಲಿನ ವೇಳೆಯ ಬಗ್ಗೆ ಚೌಕಾಶಿ ಮಾಡಲು ಹೋದೆ. ಅದು ಕಾನೂನಿನಲ್ಲೇ ಇದೆ ಎಂದು ಅಧಿಕಾರಿ ಬಾಯಿ ಮುಚ್ಚಿಸಿದರು.

ಆ ದಿನದ ಮೇಲೆ ನಾನು ಮಾಡಿದ್ದನ್ನು ನೀವು ಮೊದಲೇ ಮಾಡಿ ಎಂಬುದಕ್ಕಾಗಿ ಹೇಳುತ್ತೇನೆ. ಹಾಜರಿ ಪುಸ್ತಕ ತಂದೆ, ಪ್ರತಿಯೊಬ್ಬರೂ ತಾವೇ ಗೀಟು ಹಾಕುತ್ತಾರೆ. ರಜೆ ಎಂದರೆ ಹೋಗುವ ದಿನ, ಬರುವ ದಿನ, ಪಗಾರ ಉಂಟೋ ಇಲ್ಲವೋ ಎಂದು ಎರಡು ಚೀಟಿ, ಒಂದು ಅವರಿಗೆ ಒಂದು ನನಗೆ. ಕೆಲಸ ಇಲ್ಲ ಎನ್ನಬೇಕಾದರೆ, ಕಾರಣ ಹೇಳಿ, ಮುಖ ನೋಡಿ ಹೇಳುತ್ತೇನೆ. ಕೆಟ್ಟ ಸುದ್ದಿಗೆ ಸೀರೆ ಉಡಿಸುವುದಿಲ್ಲ. ಉಡಿ ಈಗಲೂ ತುಂಬುತ್ತೇನೆ, ಚೀಟಿ ಕೊಟ್ಟಾದ ಮೇಲೆ.

ಆ ದಿನ ಕಚೇರಿಯಲ್ಲಿ ಒಪ್ಪಂದದ ಕಾಗದವನ್ನು ಏಜೆಂಟರೇ ಬರೆದರು. ಮುಖ ಇನ್ನೂ ದುಮುದುಮು. ನಾನು ಓದದೆ ಸಹಿ ಮಾಡಿದೆ. ಅವಳು ಕೂಸನ್ನು ತಾಯಿಯ ಕೈಗೆ ಕೊಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಎರಡನೆಯ ಸಾಲಿನಲ್ಲಿ ಬೆರಳು ನಿಂತಿತು.

"‘ಮಾನವೀಯತೆಯ ದೃಷ್ಟಿಯಿಂದ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ.’ ಇದೇನ್ರಿ?"

"ಅದು ಬರೆಯೂ ಪದ್ಧತಿ" ಎಂದರು ಏಜೆಂಟರು.

"ಬ್ಯಾಡ್ರಿ. ನಾ ರಜಾ ಮುಗಿಸಿ ಬರಾಕತ್ತೇನಿ. ಯಾರ ದಯಾದಿಂದೂ ಅಲ್ಲ."

ಏಜೆಂಟರು ನನ್ನನ್ನು ನೋಡಿದರು. ಅಧಿಕಾರಿ ಕಡತದಲ್ಲಿ ಏನೋ ಹುಡುಕುವವರಂತೆ ಮುಖ ತಗ್ಗಿಸಿದರು. ನಾನು ಪೆನ್ನು ತೆಗೆದುಕೊಂಡು ‘ಮಾನವೀಯತೆಯ ದೃಷ್ಟಿಯಿಂದ’ ಎಂಬ ಎರಡು ಶಬ್ದಗಳ ಮೇಲೆ ಗೀಟು ಎಳೆದೆ. ಮೇಲೆ ‘ಬಾಣಂತಿ ರಜೆ ಮುಗಿದದ್ದರಿಂದ’ ಎಂದು ನನ್ನ ವಕ್ರ ಅಕ್ಷರದಲ್ಲಿ ಬರೆದು, ಬದಿಗೆ ಮತ್ತೊಂದು ಸಹಿ ಹಾಕಿದೆ. ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡು, ನನ್ನ ಎರಡು ಸಹಿಗಳೂ ಒಂದೇ ತರಹ ಇವೆಯೋ ಎಂದು ಹೋಲಿಸಿ ನೋಡಿದಳು. ಆಮೇಲೆ ತನ್ನ ಹೆಸರು ಬರೆದಳು.